ಮಾಗಿ ಚಳಿಯಲ್ಲಿ ಹುಳು ಮನೆ

ಡಿಸೆಂಬರ್, ಜನವರಿಯಲ್ಲಿ ಶಿಡ್ಲಘಟ್ಟ, ಚಿಂತಾಮಣಿ ಕಡೆ ಬೆಳಗಿನ ಜಾವ ಚಳಿ ಕಚ್ಚಿದರೆ ಕೊಟ್ಟಿಗೆಯ ಸೀಮೆಹಸುವಿಗೆ ಹಬ್ಬ. ತಿಂದ ರಾಗಿಹುಲ್ಲು ಹೊಟ್ಟೆಯಲ್ಲಿ ಹುದುಗುವಾಗಲೇ ಅದರ ಮೈ ಬೆಚ್ಚಗಾಗುತ್ತದೆ. ರೇಷ್ಮೆ ಹುಳುವಿಗೆ ಸ್ವಂತ ಬಿಸಿ ಇಲ್ಲ. ಮನೆಯೊಳಗಿನ ಗಾಳಿ ಎಷ್ಟು ತಣ್ಣಗೋ ಹುಳುವೂ ಅಷ್ಟೇ ತಣ್ಣಗೆ. 20 ಡಿಗ್ರಿಗಿಂತ ಕೆಳಗಿಳಿದರೆ ಮೇವು ಕಮ್ಮಿ, ಜ್ವರ (ಪೊರೆ ಕಳಚುವ ಮೊದಲಿನ ನಿದ್ದೆ) ತಡ, ಬೆಳೆ ಉದ್ದ.

ಚಳಿ ತಡೆಯುವ ಜಾಣ್ಮೆ ಇರುವುದು ಮೊಟ್ಟೆಗೆ, ಅದೂ ದ್ವಿತಳಿ (ಸಹಜವಾಗಿ ವರ್ಷಕ್ಕೆ ಎರಡೇ ಪೀಳಿಗೆಯ ತಳಿ) ಮೊಟ್ಟೆಗೆ. ಇಟ್ಟ ಎರಡು ಮೂರು ದಿನಕ್ಕೆ ಹಳದಿ ಹೋಗಿ ಕಪ್ಪಾಗುತ್ತದೆ, ಒಳಗಿನ ಭ್ರೂಣ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಕೂಡಿಟ್ಟ ಗ್ಲೈಕೋಜನ್ ಸಾರ್ಬಿಟಾಲ್, ಗ್ಲಿಸರಾಲ್ ಆಗಿ ಮಾರ್ಪಟ್ಟು ಚಳಿಯಿಂದ ಕಾಯುತ್ತದೆ. ಹೀಗೆ ಮಲಗಿದ ಮೊಟ್ಟೆ ಏಳಬೇಕಾದರೆ ಕೆಲವು ತಿಂಗಳು ಚಳಿಯನ್ನೇ ಉಣ್ಣಬೇಕು. ಅಷ್ಟು ಕಾಯಲಾಗದ್ದಕ್ಕೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯವರು ಸುಮಾರು 20 ಗಂಟೆ ವಯಸ್ಸಿನ ಮೊಟ್ಟೆಯನ್ನು 46 ಡಿಗ್ರಿಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದಾರು ನಿಮಿಷ ಅದ್ದಿ ನಿದ್ದೆಯನ್ನೇ ತಪ್ಪಿಸುತ್ತಾರೆ. ಮಿಶ್ರತಳಿಗೆ ಈ ರಗಳೆ ಇಲ್ಲ: ತಂದೆ ದ್ವಿತಳಿ, ತಾಯಿ ಮೈಸೂರು ತಳಿ, ಆ ತಾಯಿಯ ಮೊಟ್ಟೆ ಮಲಗುವುದೇ ಇಲ್ಲ.

ಮೊಟ್ಟೆ ಒಡೆದ ಮೇಲೆ ಶಾಖ ಕೊಡುವುದು ನಮ್ಮ ಕೆಲಸ. ಚಾಕಿಗೆ (ಮೊದಲೆರಡು ಹಂತದ ಎಳೆ ಹುಳುವಿಗೆ) 27-28 ಡಿಗ್ರಿ, ತೇವಾಂಶ ಶೇಕಡಾ 85-90. ಮೂರನೇ ಹಂತಕ್ಕೆ 26, ನಾಲ್ಕಕ್ಕೆ 25, ಐದಕ್ಕೆ 24 ಡಿಗ್ರಿ, ತೇವಾಂಶ ಇಳಿಯುತ್ತಾ 70. ಥರ್ಮಾಮೀಟರನ್ನು ಗೋಡೆಗೆ ಎತ್ತರದಲ್ಲಿ ನೇತುಹಾಕಿ ಪ್ರಯೋಜನವಿಲ್ಲ. ಬಿಸಿ ಗಾಳಿ ಮೇಲೇರುತ್ತದೆ, ಹುಳು ಸಾಕುವ ಸ್ಟ್ಯಾಂಡಿನ ಕೆಳಗಿನ ಅಂತಸ್ತು ತಣ್ಣಗೇ ಉಳಿಯುತ್ತದೆ. ಅಲ್ಲಿಯ ಹುಳು ತಡವಾಗಿ ಜ್ವರಕ್ಕೆ ಕೂರುತ್ತದೆ, ತಡವಾಗಿ ಏಳುತ್ತದೆ. ಮೇಲಿನವು ಎದ್ದವೆಂದು ಎಲ್ಲಕ್ಕೂ ಸೊಪ್ಪು ಹಾಕಿದರೆ ಬೆಳೆ ಏರುಪೇರು. ನೂರಕ್ಕೆ 95 ಎದ್ದ ಮೇಲೆಯೇ ಮೇವು, ಅದನ್ನೂ ಅಂತಸ್ತು ಅಂತಸ್ತಿಗೆ ನೋಡಿ.

ಇದ್ದಿಲ ಒಲೆ ಇಟ್ಟು ಕಿಟಕಿಗೆಲ್ಲ ಪ್ಲಾಸ್ಟಿಕ್ ಹೊಡೆಯುವವರಿದ್ದಾರೆ. ಇದು ಶುದ್ಧ ಅಪಾಯ. ಕಾರ್ಬನ್ ಮಾನಾಕ್ಸೈಡ್ ಹುಳುವಿಗಷ್ಟೇ ಅಲ್ಲ, ಒಳಗೆ ಮಲಗಿದ ಮನುಷ್ಯನಿಗೂ ಯಮ. ಗಾಳಿಯಾಡದ ಮನೆಯಲ್ಲಿ ತೇವ ನಿಂತು, ಸತ್ತ ಹುಳು ಸುಣ್ಣದಂತೆ ಬೆಳ್ಳಗಾಗುವ ಸುಣ್ಣಕಟ್ಟು ರೋಗದ ಬೂಸ್ಟಿಗೂ ಹದವಾಗುತ್ತದೆ. ಕರೆಂಟ್ ಹೀಟರ್ ಇಟ್ಟರೂ ಮಧ್ಯಾಹ್ನ ಕಿಟಕಿ ತೆಗೆಯಲೇಬೇಕು. ಹೀಟರ್ ಗಾಳಿಗೆ ಸೊಪ್ಪು ಬಾಡುವುದರಿಂದ ಚಾಕಿ ಮನೆಯಲ್ಲಿ ಅಗಲ ಬಾಂಡಲಿಯಲ್ಲಿ ನೀರಿಡಿ. ದೊಡ್ಡ ಹುಳುವಿಗೆ ಬೇಡ.

ಸೊಪ್ಪು ಕೊಯ್ಯುವುದು ಇಬ್ಬನಿ ಆರಿದ ಮೇಲೆ. ಚಳಿಗೆ ಹುಳು ತಿನ್ನುವುದು ನಿಧಾನ, ಉಳಿದ ಸೊಪ್ಪು ಹಾಸಿಗೆಯಲ್ಲಿ ಕೊಳೆಯುತ್ತದೆ. ಅಳತೆ ತಗ್ಗಿಸಿ, ಜ್ವರಕ್ಕೆ ಕೂತಾಗ ಅರಳಿದ ಸುಣ್ಣದ ಪುಡಿ ತೆಳ್ಳಗೆ ಉದುರಿಸಿ.

ಹುಳು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟಾಗಲೂ 24-25 ಡಿಗ್ರಿ, ತೇವಾಂಶ 60-65 ಬೇಕು. ಮಿಶ್ರತಳಿ ಗೂಡನ್ನು ಐದನೇ ದಿನಕ್ಕೆ ಬಿಡಿಸುವ ರೂಢಿ ಇದ್ದರೆ ಮಾಗಿಯಲ್ಲಿ ಇನ್ನೊಂದೆರಡು ದಿನ ತಡೆಯಿರಿ. ಮೊದಲು ಒಂದು ಗೂಡು ಕತ್ತರಿಸಿ ನೋಡಿ: ಕೋಶ (ಗೂಡಿನೊಳಗೆ ಹುಳು ತಾಳಿದ ರೂಪ) ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರಬೇಕು. ಎಳೆಯ ಕೋಶ ಒಡೆದು ಗೂಡಿನ ಒಳಗೆ ಕಲೆಯಾದರೆ ಮಾರುಕಟ್ಟೆಯಲ್ಲಿ ಲಾಟನ್ನು ಕೈಯಲ್ಲಿ ಹಿಡಿದ ಕೂಡಲೇ ನೂಲು ಬಿಚ್ಚುವ ರೀಲರು ಬೆಲೆ ಇಳಿಸುತ್ತಾರೆ.