ಮಾರ್ಟಿನ್ ಗಿಲ್ಬರ್ಟ್: ತಾರೀಕು ಹಿಡಿದು ಇತಿಹಾಸ ಬರೆದವರು

ಬ್ರಿಟಿಷ್ ಇತಿಹಾಸಕಾರ ಮಾರ್ಟಿನ್ ಗಿಲ್ಬರ್ಟ್ ಬರೆದ ಪುಸ್ತಕಗಳು 88. ಇಷ್ಟೊಂದು ಬರೆದವರು ಗಟ್ಟಿಯಾಗಿ ಬರೆದಿರುತ್ತಾರೆಯೇ ಎಂಬ ಅನುಮಾನ ಯಾರಿಗಾದರೂ ಬರುತ್ತದೆ. ಅವರ ಎರಡು ಮೂರು ಪುಸ್ತಕ ಓದಿದರೆ ಅನುಮಾನ ಹೋಗುತ್ತದೆ, ಅಷ್ಟು ಬರೆಯಲು ಹೇಗೆ ಸಾಧ್ಯವಾಯಿತು ಎಂಬುದೂ ತಿಳಿಯುತ್ತದೆ. ಹರೆಯದಲ್ಲಿ ಒಂದು ಪದ್ಧತಿ ಹಿಡಿದರು, ಕೊನೆಯವರೆಗೆ ಅದನ್ನು ಬಿಡಲಿಲ್ಲ. ಯಾವ ಕಾಗದ ಸಿಕ್ಕರೂ ಅದರ ತಾರೀಕು ಯಾವುದೆಂದು ಮೊದಲು ನೋಡು. ತಾರೀಕಿನ ಜಾಗದಲ್ಲಿ ಅದನ್ನು ಇಡು. ವಾದ, ತೀರ್ಪು ಎಲ್ಲ ಆಮೇಲೆ. ಅವರ ಶಕ್ತಿಯೂ ಇದೇ, ಮಿತಿಯೂ ಇದೇ.

ಬದುಕಿನ ಮೊದಲ ಭಾಗವನ್ನು ಬೇಗ ಹೇಳಿ ಮುಗಿಸಬಹುದು. 1936ರ ಅಕ್ಟೋಬರ್ 25ರಂದು ಲಂಡನ್ನಿನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದರು. 1940ರ ಬೇಸಿಗೆಯಲ್ಲಿ, ಜರ್ಮನ್ ದಾಳಿಯ ಭಯದಿಂದ ಮಕ್ಕಳನ್ನು ಸಾಗರದಾಚೆ ಕಳಿಸುತ್ತಿದ್ದಾಗ, ಮೂರು ವರ್ಷದ ಈ ಹುಡುಗನನ್ನೂ ಕೆನಡಾಕ್ಕೆ ಕಳಿಸಿದರು. 1944ರಲ್ಲಿ ವಾಪಸು ಬಂದರು. ಹೈಗೇಟ್ ಶಾಲೆ, ಎರಡು ವರ್ಷದ ಕಡ್ಡಾಯ ಸೈನಿಕ ಸೇವೆ, ಆಮೇಲೆ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜು. ಅಲ್ಲಿ ಇತಿಹಾಸಕಾರ ಎ.ಜೆ.ಪಿ. ಟೇಲರ್ ಇವರಿಗೆ ಮೇಷ್ಟ್ರು. 1960ರಲ್ಲಿ ಪದವಿ, 1962ರಲ್ಲಿ ಮರ್ಟನ್ ಕಾಲೇಜಿನ ಫೆಲೋಶಿಪ್. ಅದೇ 1962ರಲ್ಲಿ ಇನ್ನೊಂದು ಕೆಲಸವೂ ಸಿಕ್ಕಿತು. ಎರಡನೇ ಮಹಾಯುದ್ಧ ಕಾಲದ ಬ್ರಿಟನ್ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಮಗ ರಾಂಡಾಲ್ಫ್ ಚರ್ಚಿಲ್ ಅಪ್ಪನ ಅಧಿಕೃತ ಜೀವನಚರಿತ್ರೆ ಬರೆಯುತ್ತಿದ್ದರು, ಅವರಿಗೆ ಸಂಶೋಧನಾ ಸಹಾಯಕರು ಬೇಕಿದ್ದರು.

ರಾಂಡಾಲ್ಫ್ ಇದ್ದದ್ದು ಸಫಕ್ ಸೀಮೆಯ ಈಸ್ಟ್ ಬರ್ಗ್‌ಹೋಲ್ಟ್ ಎಂಬ ಊರಿನಲ್ಲಿ. ಚರ್ಚಿಲ್ ಕಾಗದಪತ್ರಗಳೂ ಆಗ ಅಲ್ಲೇ ಇದ್ದವು. ಅವುಗಳ ತೂಕ ಸುಮಾರು 15 ಟನ್ ಎಂದು ಗಿಲ್ಬರ್ಟ್ ಹೇಳುತ್ತಿದ್ದರು. ಸಹಾಯಕರು ಕಡತಗಳನ್ನು ಓದಿ, ಬೇಕಾದ್ದನ್ನು ಗುರುತು ಮಾಡಿ, ರಾಂಡಾಲ್ಫ್ ಮುಂದೆ ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಈ ಪುಸ್ತಕಕ್ಕೆ ರಾಂಡಾಲ್ಫ್ ಇಟ್ಟುಕೊಂಡ ಸೂತ್ರ ಒಂದೇ: ಚರ್ಚಿಲ್ ತನ್ನ ಕತೆಯನ್ನು ತನ್ನ ಕಾಗದಗಳ ಮೂಲಕ ತಾನೇ ಹೇಳಬೇಕು. ಮೊದಲ ಸಂಪುಟ 1966ರಲ್ಲಿ, ಎರಡನೆಯದು 1967ರಲ್ಲಿ ಬಂತು. 1968ರ ಜೂನ್ 6ರಂದು ರಾಂಡಾಲ್ಫ್ ತೀರಿಕೊಂಡರು. ಕತೆ ಆಗಿನ್ನೂ 1914ಕ್ಕೆ ಬಂದು ನಿಂತಿತ್ತು. ಉಳಿದ ಐವತ್ತು ವರ್ಷ 31ರ ಹರೆಯದ ಗಿಲ್ಬರ್ಟ್ ಹೆಗಲಿಗೆ ಬಿತ್ತು.

ಕಾಲವೂ ಕೂಡಿ ಬಂತು. ಬ್ರಿಟನ್ನಿನಲ್ಲಿ ಸರ್ಕಾರಿ ಕಡತಗಳು 50 ವರ್ಷ ಮುಚ್ಚಿರುತ್ತಿದ್ದವು. 1967ರ ಕಾಯ್ದೆ ಅದನ್ನು 30 ವರ್ಷಕ್ಕೆ ಇಳಿಸಿತು, 1968ರ ಜನವರಿಯಿಂದ ಜಾರಿಯಾಯಿತು. ಎರಡನೇ ಮಹಾಯುದ್ಧದ ಕಡತಗಳ ದೊಡ್ಡ ಪಾಲು 1972ರಲ್ಲಿ ಒಟ್ಟಿಗೇ ತೆರೆಯಿತು. ಜರ್ಮನ್ನರ ಎನಿಗ್ಮಾ ಸಂಕೇತಗಳನ್ನು ಬ್ರಿಟಿಷರು ಒಡೆದು ಓದುತ್ತಿದ್ದರೆಂಬ ಗುಟ್ಟು ಹೊರಬಿದ್ದದ್ದು 1974ರಲ್ಲಿ. ಯುದ್ಧಕಾಲದ ಸಂಪುಟ ಇದಕ್ಕೆಲ್ಲ ಮೊದಲೇ ಬಂದಿದ್ದರೆ ಪುರಾವೆಯ ದೊಡ್ಡ ಪಾಲು ಬೀಗದೊಳಗೇ ಇರುತ್ತಿತ್ತು. ಮೂರನೇ ಸಂಪುಟ 1971, ನಾಲ್ಕು 1975, ಐದು 1976, ಆರು 1983, ಏಳು 1986, ಎಂಟು 1988. ಕಥನ ಅಲ್ಲಿಗೆ ಮುಗಿಯಿತು.

ಆದರೆ ಕಥನ ಅರ್ಧ ಕೆಲಸ ಮಾತ್ರ. ಕಥನದ ಹಿಂದಿನ ದಾಖಲೆಗಳನ್ನೇ ಅಚ್ಚು ಹಾಕಿದ ಜೊತೆ ಸಂಪುಟಗಳು ಬೇರೆ ಇವೆ. ಮೊದಲ ಸಂಪುಟಕ್ಕೆ ಎರಡು ಭಾಗ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಎರಡು, ನಾಲ್ಕು ಮತ್ತು ಐದಕ್ಕೆ ಮೂರು ಮೂರು: ಒಟ್ಟು 13. ಆಮೇಲೆ 1939ರ ಸೆಪ್ಟೆಂಬರಿನಿಂದ 1941ರ ಕೊನೆಯವರೆಗಿನ ಯುದ್ಧ ದಾಖಲೆಗಳು ಮೂರು. ಅಲ್ಲಿಗೆ ಪ್ರಕಾಶಕರಿಗೆ ಖರ್ಚು ಭಾರವಾಗಿ ಕೆಲಸ ನಿಂತಿತು. ಅಮೆರಿಕದ ಮಿಷಿಗನ್ನಿನ ಹಿಲ್ಸ್‌ಡೇಲ್ ಕಾಲೇಜು ಹೊಣೆ ಹೊತ್ತು ಉಳಿದ ಏಳನ್ನು ತಂದಿತು. 2019ರಲ್ಲಿ ಕೊನೆಯದು ಬಂದಾಗ ದಾಖಲೆ ಸಂಪುಟ 23, ಕಥನ ಸಂಪುಟ 8, ಒಟ್ಟು 31 ಆಯಿತು. ಅದನ್ನು ಕಾಣಲು ಗಿಲ್ಬರ್ಟ್ ಇರಲಿಲ್ಲ.

ಇನ್ನು ಕೆಲಸದ ಬಗೆ. ಒಂದು ದಿನವನ್ನು ಕಟ್ಟಬೇಕೆಂದರೆ ಚರ್ಚಿಲ್ ಹೇಳಿ ಬರೆಸಿದ ಪತ್ರಗಳ ಕಾರ್ಬನ್ ಪ್ರತಿ, ಬಂದ ಪತ್ರಗಳು, ಸಚಿವ ಸಂಪುಟ ಸಭೆಯ ನಡಾವಳಿ, ಸಂಸತ್ತಿನ ವರದಿ, ಆಪ್ತ ಕಾರ್ಯದರ್ಶಿಗಳ ಡೈರಿ, ಭೇಟಿಗಳ ಕಾರ್ಡು, ಮರುದಿನದ ಪತ್ರಿಕೆ, ಇವೆಲ್ಲ ಒಂದೇ ತಾರೀಕಿನಡಿ ಬರಬೇಕು. ಟೈಪ್ ಆದ ಪತ್ರಕ್ಕೆ ಪ್ರತಿ ಇರುತ್ತದೆ. ಕೈಬರಹದ ಪತ್ರಕ್ಕೆ ಇರುವುದಿಲ್ಲ. ಅದು ಸಿಗುವುದು ತಲುಪಿದವರ ಮನೆಯ ಪೆಟ್ಟಿಗೆಯಲ್ಲಿ. ಹಾಗಾಗಿ ಗಿಲ್ಬರ್ಟ್ ಮನೆ ಮನೆ ಹುಡುಕಿಕೊಂಡು ಹೋದರು. ಕಾರ್ಯದರ್ಶಿಗಳು, ಟೈಪಿಸ್ಟರು, ಅಧಿಕಾರಿಗಳನ್ನು ಕಂಡು ಮಾತಾಡಿಸಿದರು. 1930ರ ದಶಕದಲ್ಲಿ ಅಧಿಕಾರವಿಲ್ಲದೆ ಕೂತಿದ್ದ ಚರ್ಚಿಲ್‌ಗೆ ಜರ್ಮನ್ ವಾಯುಪಡೆಯ ಅಂಕಿಅಂಶ ಎಲ್ಲಿಂದ ಬರುತ್ತಿತ್ತು ಎಂಬುದಕ್ಕೆ ಐದನೇ ಸಂಪುಟದಲ್ಲಿ ಸಿಗುವ ಉತ್ತರ ಹೀಗೆ ಬಂದದ್ದು: ವಿದೇಶಾಂಗ ಕಚೇರಿಯ ರಾಲ್ಫ್ ವಿಗ್ರಮ್, ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಟಾರ್ ಆಂಡರ್ಸನ್ ಮುಂತಾದವರು ನೌಕರಿಯನ್ನೇ ಪಣಕ್ಕಿಟ್ಟು ಕಾಗದ ತಂದುಕೊಡುತ್ತಿದ್ದರು.

ಈ ಪದ್ಧತಿಯ ಬಲ ನೋಡಬೇಕೆಂದರೆ 1940ರ ನವೆಂಬರ್ 14ನ್ನು ತೆಗೆದುಕೊಳ್ಳಿ. ಅಂದು ರಾತ್ರಿ ಜರ್ಮನ್ ವಿಮಾನಗಳು ಕೊವೆಂಟ್ರಿ ನಗರವನ್ನು ಸುಟ್ಟವು, ಐನೂರಕ್ಕೂ ಹೆಚ್ಚು ಜನ ಸತ್ತರು. ಎನಿಗ್ಮಾ ಗುಟ್ಟು ಕಾಪಾಡಲು ಚರ್ಚಿಲ್ ಗೊತ್ತಿದ್ದೂ ಊರನ್ನು ಬಲಿಕೊಟ್ಟರು ಎಂಬ ಕತೆ 1974ರಲ್ಲಿ ಯುದ್ಧಕಾಲದ ಗುಪ್ತಚರ ಅಧಿಕಾರಿ ಎಫ್.ಡಬ್ಲ್ಯೂ. ವಿಂಟರ್‌ಬಾಥಮ್ ಪುಸ್ತಕದೊಂದಿಗೆ ಹಬ್ಬಿತು. ಇವತ್ತಿಗೂ ವಾಟ್ಸಾಪಿನಲ್ಲಿ ಓಡಾಡುತ್ತದೆ. ಗಿಲ್ಬರ್ಟ್ ಆರನೇ ಸಂಪುಟದಲ್ಲಿ ಆ ದಿನವನ್ನು ಹೊತ್ತು ಹೊತ್ತಿಗೆ ಬಿಡಿಸಿ ಇಡುತ್ತಾರೆ. ಮಧ್ಯಾಹ್ನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹಿಂದಿನ ಪ್ರಧಾನಿ ನೆವಿಲ್ ಚೇಂಬರ್ಲೇನ್ ಅಂತ್ಯಕ್ರಿಯೆ. ಅದಾದ ಮೇಲೆ ಚರ್ಚಿಲ್ ಕಾರಿನಲ್ಲಿ ಡಿಚ್ಲಿ ಎಂಬ ಹಳ್ಳಿಮನೆಗೆ ಹೊರಟರು. ಬೆಳದಿಂಗಳ ರಾತ್ರಿಗಳಲ್ಲಿ ಪ್ರಧಾನಿಯ ಮಾಮೂಲು ಮನೆ ಚೆಕರ್ಸ್ ಮೇಲಿನಿಂದ ಸುಲಭವಾಗಿ ಕಾಣುತ್ತಿದ್ದರಿಂದ ಆ ಏರ್ಪಾಡು. ಜೊತೆಯಲ್ಲಿ ಕಾರ್ಯದರ್ಶಿ ಜಾನ್ ಮಾರ್ಟಿನ್. ಹೊರಟ ಸ್ವಲ್ಪ ಹೊತ್ತಿಗೇ ಕಾಗದದ ಪೆಟ್ಟಿಗೆ ತೆರೆದರೆ, ಅಂದೇ ರಾತ್ರಿ ದೊಡ್ಡ ದಾಳಿ ಎಂಬ ಸುದ್ದಿ. ಗುರಿ ಲಂಡನ್ ಎಂದು ಎಣಿಸಿ ಕಾರು ತಿರುಗಿಸಲು ಹೇಳಿದರು. ಡೌನಿಂಗ್ ಸ್ಟ್ರೀಟಿನ ಪ್ರಧಾನಿ ಕಚೇರಿಗೆ ಮರಳಿ ಅಲ್ಲಿನ ಮಹಿಳಾ ಸಿಬ್ಬಂದಿಯನ್ನು ಸುರಕ್ಷಿತ ಜಾಗಕ್ಕೆ ಕಳಿಸಿ, ತಾವು ವಾಯುಪಡೆ ಸಚಿವಾಲಯದ ಮಾಳಿಗೆ ಹತ್ತಿ ವಿಮಾನಗಳಿಗಾಗಿ ಕಾದರು. ವಿಮಾನಗಳು ಬರಲಿಲ್ಲ. ಕೊವೆಂಟ್ರಿ ಎಂದು ಗೊತ್ತಿದ್ದವರು ಲಂಡನ್ನಿಗೆ ವಾಪಸು ಬಂದು ಮಾಳಿಗೆ ಹತ್ತುತ್ತಿರಲಿಲ್ಲ. ಗಿಲ್ಬರ್ಟ್ ಇಲ್ಲಿ ದನಿ ಎತ್ತಿ ವಾದಿಸುವುದಿಲ್ಲ. ಆ ದಿನದ ಕಾಗದಗಳು ಸಾಲಾಗಿ ನಿಂತಾಗ ಕತೆ ತಾನೇ ಬೀಳುತ್ತದೆ.

ಎಡವುವ ಜಾಗಗಳೂ ಇವೆ. ಮೊದಲನೆಯದು, ಬರೆದ ತಾರೀಕು ಬೇರೆ, ತಲುಪಿದ ತಾರೀಕು ಬೇರೆ. ಚರ್ಚಿಲ್ 1896ರ ಅಕ್ಟೋಬರಿನಲ್ಲಿ 4ನೇ ಹುಸಾರ್ಸ್ ಎಂಬ ಕುದುರೆ ದಳದೊಂದಿಗೆ ಬೆಂಗಳೂರಿಗೆ ಬಂದರು. ಇಲ್ಲಿಂದ ಲಂಡನ್ನಿಗೆ ಅಂಚೆ ಮುಟ್ಟಲು ಎರಡು ವಾರಕ್ಕೂ ಹೆಚ್ಚು ಬೇಕಿತ್ತು. ಮಗನ ಪತ್ರ, ಅಮ್ಮನ ಪತ್ರ ಎರಡನ್ನೂ ಬರೆದ ತಾರೀಕಿನಂತೆ ಜೋಡಿಸಿದರೆ ಪಕ್ಕಪಕ್ಕದ ಪತ್ರಗಳು ಒಂದಕ್ಕೊಂದು ಉತ್ತರವಾಗಿರುವುದಿಲ್ಲ. ನಿಜವಾದ ಉತ್ತರ ಹಲವು ಪುಟ ಮುಂದೆ ಇರುತ್ತದೆ. ಅದನ್ನು ಮರೆತು ಓದಿದರೆ ಅಮ್ಮ ಮಗನ ಮಾತಿಗೆ ಕಿವಿಗೊಡಲಿಲ್ಲ ಎಂದು ತಪ್ಪು ತಿಳಿಯುತ್ತೇವೆ.

ಎರಡನೆಯದು ಇನ್ನೂ ಅಪಾಯದ್ದು. ಕಡತದಲ್ಲಿ ಇರುವುದೆಲ್ಲ ಕಡತದ ಒಡೆಯನ ಮಾತಲ್ಲ. 2007ರಲ್ಲಿ ಯಹೂದಿಗಳ ಬಗ್ಗೆ ಕಟುವಾಗಿ ಬರೆದ 1937ರ ಲೇಖನವೊಂದು ಚರ್ಚಿಲ್ ಹೆಸರಿನಲ್ಲಿ ಸುದ್ದಿಯಾಯಿತು. ಅದನ್ನು ಬರೆದವರು ಆಡಮ್ ಮಾರ್ಷಲ್ ಡಿಸ್ಟನ್, ಚರ್ಚಿಲ್‌ಗಾಗಿ ಪತ್ರಿಕಾ ಲೇಖನಗಳ ಕರಡು ಮಾಡಿಕೊಡುತ್ತಿದ್ದ ಪತ್ರಕರ್ತ. ಲೇಖನ ಅಚ್ಚಾಗಲೇ ಇಲ್ಲ, 1940ರಲ್ಲಿ ಅಚ್ಚು ಹಾಕಲು ಕೇಳಿದಾಗಲೂ ಚರ್ಚಿಲ್ ಕಡೆಯವರು ಒಪ್ಪಿರಲಿಲ್ಲ ಎಂದು ಗಿಲ್ಬರ್ಟ್ ತಕ್ಷಣ ತೋರಿಸಿದರು. ಒಂದು ಹಾಳೆ ಸಿಕ್ಕರೆ ಸಾಲದು. ಯಾರು ಟೈಪಿಸಿದರು, ಯಾರು ತಿದ್ದಿದರು, ಕಳಿಸಿದರೋ ಇಲ್ಲವೋ ಎಂಬುದಕ್ಕೆ ಅದರ ಅಕ್ಕಪಕ್ಕದ ಹಾಳೆಗಳೂ ಬೇಕು.

ಚರ್ಚಿಲ್ ಕೆಲಸದ ನಡುವೆಯೇ ಅವರು ಬರೆದ ‘ಆಷ್‌ವಿಟ್ಸ್ ಅಂಡ್ ದಿ ಅಲೈಸ್’ (1981) ನನ್ನ ಮಟ್ಟಿಗೆ ಅವರ ಶ್ರೇಷ್ಠ ಪುಸ್ತಕ. ಪ್ರಶ್ನೆ ಒಂದೇ: ಆಷ್‌ವಿಟ್ಸ್ ಶಿಬಿರದಲ್ಲಿ ನಾಜಿಗಳು ಯಹೂದಿಗಳನ್ನು ಕೊಲ್ಲುತ್ತಿದ್ದದ್ದು ಯಾರಿಗೆ, ಯಾವ ದಿನ, ಎಷ್ಟು ಗೊತ್ತಿತ್ತು? 1944ರ ಏಪ್ರಿಲ್ 4ರಂದು ಮಿತ್ರಪಕ್ಷದ ವಿಮಾನವೊಂದು ಪಕ್ಕದ ಕಾರ್ಖಾನೆಯ ಚಿತ್ರ ತೆಗೆಯುವಾಗ ಆಷ್‌ವಿಟ್ಸ್ ಶಿಬಿರವೂ ಫಿಲ್ಮಿನಲ್ಲಿ ಬಿತ್ತು. ಫೋಟೋ ನೋಡಿದವರು ಹುಡುಕುತ್ತಿದ್ದುದು ಕಾರ್ಖಾನೆಯನ್ನು, ಶಿಬಿರ ಅವರ ಗಮನಕ್ಕೇ ಬರಲಿಲ್ಲ. ಮೂರೇ ದಿನದ ನಂತರ, ಏಪ್ರಿಲ್ 7ರಂದು, ವ್ರಬಾ ಮತ್ತು ವೆಟ್ಸ್ಲರ್ ಎಂಬ ಇಬ್ಬರು ಕೈದಿಗಳು ಅಲ್ಲೇ ಮರದ ರಾಶಿಯೊಳಗೆ ಅಡಗಿ ಕುಳಿತು 10ರಂದು ಪಾರಾದರು. ತಿಂಗಳ ಕೊನೆಗೆ ಅವರ ಹೇಳಿಕೆ ಸ್ಲೊವಾಕಿಯಾದಲ್ಲಿ ಬರಹಕ್ಕೆ ಇಳಿಯಿತು. ಮೇ ನಡುವೆ ಹಂಗೇರಿಯ ಯಹೂದಿಗಳ ಸಾಗಣೆ ಶುರು. ವರದಿ ಸ್ವಿಟ್ಜರ್ಲೆಂಡ್ ಮೂಲಕ ಹೊರಜಗತ್ತಿಗೆ ಮುಟ್ಟಿದ್ದು ಜೂನ್ ನಡುವೆ. ಬಾಂಬ್ ಹಾಕಿ ಇದನ್ನು ತಡೆಯಬೇಕೆಂಬ ಮನವಿ ಬಂದಾಗ, ಜುಲೈ 7ರಂದು ಚರ್ಚಿಲ್, ವಾಯುಪಡೆಯಿಂದ ಆದದ್ದನ್ನೆಲ್ಲ ಮಾಡಿಸು, ಬೇಕಾದರೆ ನನ್ನ ಹೆಸರು ಹೇಳು ಎಂದು ವಿದೇಶಾಂಗ ಸಚಿವ ಈಡನ್‌ಗೆ ಬರೆದರು. ಅಷ್ಟರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಹಂಗೇರಿಯಿಂದ ಸಾಗಿಸಿ ಆಗಿತ್ತು. ಬಾಂಬ್ ಮಾತ್ರ ಬೀಳಲಿಲ್ಲ; ಕಡತ ಅಧಿಕಾರಿಯಿಂದ ಅಧಿಕಾರಿಗೆ ಹೋಗಿ ತಣ್ಣಗಾಯಿತು. ಬರೀ ತಾರೀಕುಗಳ ಈ ಸಾಲನ್ನು ಓದುವಾಗ ಹೊಟ್ಟೆ ಕಿವುಚುತ್ತದೆ.

ನಾಜಿಗಳು ನಡೆಸಿದ ಯಹೂದಿಗಳ ಹತ್ಯಾಕಾಂಡದ ಬಗ್ಗೆ 1986ರಲ್ಲಿ ಬಂದ ‘ದಿ ಹೊಲೊಕಾಸ್ಟ್’ನಲ್ಲಿ ಬದುಕುಳಿದವರ ಸಾಕ್ಷ್ಯಗಳನ್ನೂ ಹೀಗೆಯೇ ಕಾಲಕ್ಕೆ ತಕ್ಕಂತೆ ಪೋಣಿಸಿದರು, ಸಾಧ್ಯವಾದಲ್ಲೆಲ್ಲ ಸತ್ತವರ ಹೆಸರು ಹೇಳಿ. ನಕ್ಷೆ ಪುಸ್ತಕಗಳದ್ದೇ ಇನ್ನೊಂದು ಸಾಲು, 1966ರಿಂದ ಶುರು. ಹತ್ಯಾಕಾಂಡದ ನಕ್ಷೆ ಸಂಪುಟ (1982) ಒಂದರಲ್ಲೇ 300ಕ್ಕೂ ಹೆಚ್ಚು ನಕ್ಷೆಗಳಿವೆ. ಸೋವಿಯತ್ ಒಕ್ಕೂಟ ಬಿಟ್ಟು ಹೋಗಲು ಅನುಮತಿ ಸಿಗದ ಯಹೂದಿಗಳನ್ನು ಅಲ್ಲಿಗೇ ಹೋಗಿ ಕಂಡರು, 1984ರಲ್ಲಿ ಅವರ ಬಗ್ಗೆ ಬರೆದರು.

ಈಗ ಮಿತಿಯ ಮಾತು. ಚರ್ಚಿಲ್ ಮೇಜಿನ ಮೇಲಿದ್ದ ಕಾಗದವನ್ನೇ ಹಿಡಿದು ಹೊರಟರೆ, ಆ ಮೇಜಿನ ಮೇಲೆ ಜಾಗ ಸಿಗದ ಸಂಗತಿಗೆ ಪುಸ್ತಕದಲ್ಲೂ ಜಾಗ ಸಿಗುವುದಿಲ್ಲ. 1943ರ ಬಂಗಾಳದ ಕ್ಷಾಮ ಇದಕ್ಕೆ ಸಾಕ್ಷಿ. 1941ರಿಂದ 1945ರವರೆಗಿನ ದಪ್ಪನೆಯ ಏಳನೇ ಸಂಪುಟದಲ್ಲಿ ಅದಕ್ಕೆ ಸಿಕ್ಕ ಜಾಗ ತೀರ ಕಡಿಮೆ. ಲಕ್ಷಾಂತರ ಜನ ಹಸಿವಿನಿಂದ ಸತ್ತ ಘಟನೆ ಅದು. ಭಾರತದ ಓದುಗರು ಇದನ್ನು ದೊಡ್ಡ ಕೊರತೆ ಎಂದರೆ ಅದು ನ್ಯಾಯವೇ. ವಿಶ್ಲೇಷಣೆ ಸಾಲದು, ಮೆಚ್ಚುಗೆ ಹೆಚ್ಚು ಎಂದು ಇಂಗ್ಲೆಂಡಿನ ವಿಮರ್ಶಕರೂ ಹೇಳಿದ್ದಾರೆ. ಇರಾಕ್ ಯುದ್ಧ ನಡೆಸಿದ ಬುಷ್, ಬ್ಲೇರ್ ಇಬ್ಬರನ್ನೂ ಮುಂದೊಂದು ದಿನ ರೂಸ್‌ವೆಲ್ಟ್, ಚರ್ಚಿಲ್ ಸಾಲಿನಲ್ಲಿ ನೋಡಬಹುದು ಎಂದು 2004ರಲ್ಲಿ ಬರೆದದ್ದೂ ಅವರ ಬೆನ್ನು ಬಿಡಲಿಲ್ಲ. 2009ರಲ್ಲಿ ಇರಾಕ್ ಯುದ್ಧದ ಚಿಲ್ಕಾಟ್ ವಿಚಾರಣಾ ಸಮಿತಿಗೆ ಅವರನ್ನು ಸೇರಿಸಿದಾಗ ಹಲವರು ಆಕ್ಷೇಪಿಸಿದರು. 2012ರಲ್ಲಿ ಆರೋಗ್ಯ ಕೆಟ್ಟು ಕೆಲಸ ನಿಂತಿತು. 2015ರ ಫೆಬ್ರವರಿ 3ರಂದು ತೀರಿಕೊಂಡರು. ಸಮಿತಿಯ ವರದಿ ಬಂದದ್ದು 2016ರ ಜುಲೈನಲ್ಲಿ.

ಓದಲು ಶುರು ಮಾಡುವವರು ನೇರವಾಗಿ ಎಂಟು ಸಂಪುಟಕ್ಕೆ ಕೈ ಹಾಕಬೇಡಿ. 1991ರ ಒಂದೇ ಸಂಪುಟದ ‘ಚರ್ಚಿಲ್: ಎ ಲೈಫ್’ ಮೊದಲು. ಆಮೇಲೆ ತಮ್ಮ ಹುಡುಕಾಟದ ಬಗ್ಗೆ ಅವರೇ ಬರೆದ ‘ಇನ್ ಸರ್ಚ್ ಆಫ್ ಚರ್ಚಿಲ್’ (1994). ಬೆಂಗಳೂರಿನ ಪತ್ರಗಳು ಬೇಕಿದ್ದರೆ ಮೊದಲ ಸಂಪುಟದ ಜೊತೆ ಸಂಪುಟಗಳಲ್ಲಿ ಎರಡನೇ ಭಾಗ, 1896ರಿಂದ 1900. ಇದು ರಾಂಡಾಲ್ಫ್ ಕಾಲದ್ದು. ದಿನಕ್ಕೆ ಇತಿಹಾಸಕಾರರಾದ ಮೆಕಾಲೆಯ 50 ಪುಟ, ಗಿಬನ್ನನ 25 ಪುಟ ಓದುತ್ತಿದ್ದೇನೆ ಎಂದು ಇಲ್ಲಿಂದ ಅಮ್ಮನಿಗೆ ಬರೆದದ್ದು ಅದರಲ್ಲಿದೆ. ಮೂಲ ಕಾಗದ ಕೇಂಬ್ರಿಜ್‌ನ ಚರ್ಚಿಲ್ ಕಾಲೇಜಿನ ದಾಖಲಾಗಾರದಲ್ಲಿವೆ. 1945ರ ಜುಲೈ 27ರ ತನಕದ್ದು ಚಾರ್ಟ್‌ವೆಲ್ ಪೇಪರ್ಸ್, ಅಲ್ಲಿಂದಾಚಿನದು ಚರ್ಚಿಲ್ ಪೇಪರ್ಸ್ ಎಂಬ ವಿಭಾಗ.

ಬಂಗಾಳದ ಪ್ರಶ್ನೆ ಇಟ್ಟುಕೊಂಡು ಬರುವವರು ಕಥನ ಸಂಪುಟ ಬಿಟ್ಟು ದಾಖಲೆ ಸಂಪುಟ 18 (1943ರ ಜನವರಿಯಿಂದ ಆಗಸ್ಟ್) ಮತ್ತು 2017ರಲ್ಲಿ ಬಂದ 19 (1943ರ ಸೆಪ್ಟೆಂಬರಿನಿಂದ 1944ರ ಏಪ್ರಿಲ್) ತೆಗೆಯಿರಿ. ಪಕ್ಕದಲ್ಲಿ ಬ್ರಿಟಿಷ್ ಸರ್ಕಾರವೇ ಹೊರತಂದ ಹನ್ನೆರಡು ಸಂಪುಟಗಳ ‘ಟ್ರಾನ್ಸ್‌ಫರ್ ಆಫ್ ಪವರ್’ನ ನಾಲ್ಕನೆಯದನ್ನು ಇಟ್ಟುಕೊಳ್ಳಿ, ಅದು 1943ರ ಜೂನ್ 15ರಿಂದ 1944ರ ಆಗಸ್ಟ್ 31ರವರೆಗಿನದು, ಕ್ಷಾಮದ ಹೆಸರನ್ನೇ ಹೊತ್ತ ಸಂಪುಟ. ಭಾರತ ಸಚಿವ ಲಿಯೊ ಅಮೆರಿಯ ಡೈರಿ 1988ರಲ್ಲಿ ಅಚ್ಚಾಗಿದೆ, ಅದೂ ಬೇಕು. ಭಾರತ 5 ಲಕ್ಷ ಟನ್ ಧಾನ್ಯ ಕೇಳಿದ್ದಕ್ಕೆ ಅದಕ್ಕಿಂತ ಬಹಳ ಕಡಿಮೆ ಕೊಡಲು ಒಪ್ಪಿದ 1943ರ ಆಗಸ್ಟ್ 4ರ ಯುದ್ಧಕಾಲದ ಸಚಿವ ಸಂಪುಟ ಸಭೆಯಿಂದ ಹಿಡಿದು, ಮೂರನ್ನೂ ತಾರೀಕು ತಾರೀಕಿಗೆ ತಾಳೆ ನೋಡುತ್ತಾ ಓದಿ.