ಸಿಎಸ್ ಮಕ್ಕಳಿಗೆ ಲೈಬ್ರರಿ ಪಾಠ ಯಾಕೆ?

ಕಂಪ್ಯೂಟರ್ ಸೈನ್ಸ್ (ಸಿಎಸ್) ಮಕ್ಕಳಿಗೆ ನಾನು ಡಿಜಿಟಲ್ ಲೈಬ್ರರಿ ಅನ್ನುವ ಎಲೆಕ್ಟಿವ್, ಅಂದರೆ ಆಯ್ಕೆಯ ವಿಷಯ, ಕಲಿಸುತ್ತೇನೆ. ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಟ್ಟು, ಹುಡುಕಿದವರಿಗೆ ಸಿಗುವ ಹಾಗೆ ಮಾಡುವ ಪಾಠ ಅದು. ವರ್ಷಕ್ಕೆ ಹತ್ತು ಸಲವಾದರೂ ಈ ಪ್ರಶ್ನೆ ಬರುತ್ತದೆ. ಅಡ್ಮಿಷನ್ ಸಮಯದಲ್ಲಿ ಅಪ್ಪ ಅಮ್ಮಂದಿರು ಕೇಳುತ್ತಾರೆ. ಎಲೆಕ್ಟಿವ್ ಆರಿಸುವ ವಾರ ಮಕ್ಕಳು ಕೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವಾಗ ಜೊತೆಯವರೂ ಕೇಳುತ್ತಾರೆ. "ಡಿಜಿಟಲ್ ಲೈಬ್ರರಿ ಅಂದ್ರೆ ಲೈಬ್ರರಿ ಸೈನ್ಸ್‌ನವರ ವಿಷಯ ಅಲ್ವಾ? ಕಂಪ್ಯೂಟರ್ ಸೈನ್ಸ್ ಓದುವವರಿಗೆ ಅದನ್ನು ಯಾಕೆ ಕಲಿಸ್ತೀರಿ? ಆ ಜಾಗದಲ್ಲಿ ಇನ್ನೊಂದು ಎಐ ಕೋರ್ಸ್ ಇಡಬಹುದಲ್ಲ?" ಪ್ರತಿ ಸಲ ನಿಂತಲ್ಲೇ ಎರಡು ಮಾತು ಹೇಳಿ ಬಂದುಬಿಡುತ್ತೇನೆ. ಇವತ್ತು ಕೂತು ಪೂರ್ತಿ ಬರೆಯುತ್ತಿದ್ದೇನೆ.

ನಮ್ಮ ಮಕ್ಕಳು ನಾಲ್ಕು ವರ್ಷ ಕೋಡ್ ಬರೆಯುತ್ತಾರೆ. ಅವರಿಗೆ ಸಿಗುವ ಡೇಟಾ ಸ್ವಚ್ಛವಾಗಿರುತ್ತದೆ, ಇಂಗ್ಲಿಷಿನಲ್ಲಿರುತ್ತದೆ, ಯಾರೋ ಮೊದಲೇ ಜೋಡಿಸಿಟ್ಟಿರುತ್ತಾರೆ. ಅದೇ ಕನ್ನಡದ ಒಂದು ಹಳೇ ಪುಸ್ತಕವನ್ನು, ಹುಡುಕಿಕೊಂಡು ಬಂದವರ ಕೈಗೆ ಸಿಗುವ ಹಾಗೆ ಮಾಡಿ ನೋಡೋಣ ಅಂತ ಹೊರಟರೆ ಆ ಮೂರು ಅನುಕೂಲಗಳಲ್ಲಿ ಒಂದೂ ಇರುವುದಿಲ್ಲ. ಅಲ್ಲಿಂದ ಮುಂದೆ ಅವರು ಕಲಿಯುವುದು ಗಟ್ಟಿ ಕಂಪ್ಯೂಟರ್ ಸೈನ್ಸ್. ಇದು ನನ್ನ ಉತ್ತರ.

ಎರಡು ವರ್ಷದ ಹಿಂದಿನ ಒಂದು ಲ್ಯಾಬ್ ಬಗ್ಗೆ ಹೇಳುತ್ತೇನೆ. ಒಂದು ಸಣ್ಣ ಸಂಘದವರು ತಮ್ಮ ಹಳೇ ಸ್ಮರಣ ಸಂಚಿಕೆಗಳ ಫೈಲುಗಳನ್ನು ನಮಗೆ ಕೊಟ್ಟಿದ್ದರು. ಎಲ್ಲವೂ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಆದವು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್ ನಮ್ಮಲ್ಲಿ ಬಳಕೆಗೆ ಬರುವ ಮುಂಚಿನವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಅನ್ನುವ ಪದ ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟು ಇರುವ ಎ, ಪೌಂಡ್ ಗುರುತು, ಇಂಥವು ಸಾಲಾಗಿ ಕಾಣುತ್ತವೆ. ಆಗಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡ ಅಕ್ಷರದ ಚೂರುಗಳನ್ನು ಕೂರಿಸಿದ್ದರು. ಹಾಗಾಗಿ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ.

ನಾಲ್ಕು ಜನರ ಒಂದು ತಂಡ ಪೈಥಾನ್‌ನಲ್ಲಿ ಹಳೇ ಫಾಂಟಿನ ಪಠ್ಯವನ್ನು ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಬರೆಯಿತು. ಈ ಚೂರಿಗೆ ಈ ಅಕ್ಷರ ಅಂತ ಒಂದು ದೊಡ್ಡ ಪಟ್ಟಿ ಮಾಡಿ, ಒಂದೊಂದಾಗಿ ಬದಲಿಸಿದರು. ಮೊದಲ ಔಟ್‌ಪುಟ್‌ನಲ್ಲೇ ಬಂತು: "ಕನಾರ್ಟಕ". ಇದನ್ನು ನೀವೂ ನೋಡಿರುತ್ತೀರಿ. ಇಂಟರ್ನೆಟ್ ತುಂಬಾ ಈ ತಪ್ಪು ಇದೆ. ಅರ್ಕಾವತ್ತನ್ನು ನಾವು ಬರೆಯುವುದು ಅಕ್ಷರದ ಬಲಕ್ಕೆ, ಹಳೇ ಫಾಂಟ್ ಕೂಡ ಅದನ್ನು 'ನಾ' ಆದಮೇಲೆ ಇಟ್ಟುಕೊಳ್ಳುತ್ತದೆ. ಯುನಿಕೋಡ್‌ನಲ್ಲಿ ಮಾತ್ರ ಬಾಯಲ್ಲಿ ಹೇಳುವ ಕ್ರಮ, ಮೊದಲು 'ರ್', ಆಮೇಲೆ 'ನಾ'. ಸುಮ್ನೆ ಒಂದಕ್ಕೊಂದು ಬದಲಿಸಿದರೆ ಸಾಲದು, ಹಿಂದೆ ಹೋಗಿ ಇಡೀ ಅಕ್ಷರ ಎಲ್ಲಿ ಶುರುವಾಗುತ್ತದೆ ಅಂತ ಗುರುತಿಸಿ ಅದರ ಮುಂದೆ ತಂದು ಕೂರಿಸಬೇಕು. ಪಾರ್ಸಿಂಗ್, ಅಂದರೆ ಪಠ್ಯವನ್ನು ಅದರ ಭಾಗಗಳಾಗಿ ಬಿಡಿಸಿ ಗುರುತಿಸುವ ಪಾಠವನ್ನು ಹಿಂದಿನ ಸೆಮಿಸ್ಟರಿನಲ್ಲಿ ಪರೀಕ್ಷೆಗೆ ಓದಿದ್ದ ಮಕ್ಕಳು ಅವತ್ತು ಅದನ್ನು ಬಳಸಿದರು.

ಅದು ಸರಿಯಾಯಿತು. ಆಮೇಲೆ ಒಬ್ಬಳು "ಕೋಲಾರ" ಅಂತ ಹುಡುಕಿದಳು. ಸೊನ್ನೆ. ಪುಟದಲ್ಲಿ ಕೋಲಾರ ಕಣ್ಣಿಗೆ ಕಾಣುತ್ತಿದೆ, ಸರ್ಚ್‌ಗೆ ಮಾತ್ರ ಸಿಗುತ್ತಿಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಎರಡೂ ಪದಗಳ ಉದ್ದ ಪ್ರಿಂಟ್ ಮಾಡಿಸಿದಳು. ಅವಳು ಟೈಪ್ ಮಾಡಿದ ಕೋಲಾರದಲ್ಲಿ 5 ಸಂಕೇತ, ಫೈಲಿನಲ್ಲಿರುವ ಕೋಲಾರದಲ್ಲಿ 7. ಕೀಬೋರ್ಡ್‌ನಿಂದ ಬರುವ ಓಕಾರ ಒಂದೇ ಸಂಕೇತ. ಹಳೇ ಫಾಂಟಿನಲ್ಲಿ ಅದನ್ನು ಎಕಾರ, ಊಕಾರ, ದೀರ್ಘದ ಗುರುತು ಅಂತ ಮೂರು ಚೂರಾಗಿ ಬರೆಯುತ್ತಿದ್ದರು, ಕನ್ವರ್ಟರ್ ಆ ಮೂರನ್ನೂ ಹಾಗೇ ಉಳಿಸಿತ್ತು. ತೆರೆಯ ಮೇಲೆ ಎರಡೂ ಒಂದೇ ರೂಪ. ಇಂಥ ಜೋಡಿಗಳನ್ನು ಒಂದೇ ರೂಪಕ್ಕೆ ತರಲು ಯುನಿಕೋಡ್‌ನಲ್ಲಿ ನಾರ್ಮಲೈಸೇಶನ್ ಅಂತ ನಿಯಮ ಇದೆ, ಪೈಥಾನ್‌ನಲ್ಲಿ ಅದು ಒಂದು ಸಾಲಿನ ಕೆಲಸ. ಆ ಸಾಲು ಸೇರಿಸಿದಳು. ಕೋಲಾರ ಸಿಕ್ಕಿತು. ಆ ಹುಡುಗಿ ಈಗ ಕೆಲಸದಲ್ಲಿದ್ದಾಳೆ. ಡೇಟಾ ಸರಿಯಿಲ್ಲ ಅನ್ನಿಸಿದಾಗಲೆಲ್ಲ ಮೊದಲು ಉದ್ದ ಪ್ರಿಂಟ್ ಮಾಡ್ತೀನಿ ಮೇಡಂ ಅಂತ ಈಗಲೂ ಮೆಸೇಜ್ ಹಾಕುತ್ತಾಳೆ.

ಇಷ್ಟಾದರೂ ಸರ್ಚ್ ಮುಗಿಯಲಿಲ್ಲ. 'ಮರ' ಅಂತ ಹುಡುಕಿದರೆ 'ಮರದಲ್ಲಿ', 'ಮರಗಳಿಂದ' ಸಿಗಬೇಕು, 'ಮರಳು', 'ಮರಣ' ಸಿಗಬಾರದು. 'ಊರು' ಅಂದರೆ 'ಊರಿನಲ್ಲಿ'ಯೂ ಬರಬೇಕು, 'ಊರಲ್ಲಿ'ಯೂ ಬರಬೇಕು. ಪದದ ಬಾಲ ಕತ್ತರಿಸಿ ಹುಡುಕುವ, ಇಂಗ್ಲಿಷಿಗೆ ಮಾಡಿದ ಉಪಾಯ ಇಲ್ಲಿ ನಡೆಯುವುದಿಲ್ಲ. ಎಐ ಕೋರ್ಸ್ ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಕನ್ನಡದ ಮಾಡೆಲ್‌ಗೆ ಕಲಿಸಲು ಕನ್ನಡದ ಪಠ್ಯ ಬೇಕು, ಆ ಪಠ್ಯ ಹಳೇ ಫಾಂಟುಗಳಲ್ಲಿ, ಸ್ಕ್ಯಾನ್ ಚಿತ್ರಗಳಲ್ಲಿ ಬಿದ್ದಿದೆ. ಅದನ್ನು ಎತ್ತಿ ತರುವವರು ಯಾರು?

ಇನ್ನು, ಇದು ನಮ್ಮ ವಿಷಯ ಅಲ್ಲ ಅನ್ನುವ ಮಾತು. ಗೂಗಲ್ ಹುಟ್ಟಿದ್ದೇ ಡಿಜಿಟಲ್ ಲೈಬ್ರರಿ ಸಂಶೋಧನೆಯಲ್ಲಿ. 1994ರಲ್ಲಿ ಅಮೆರಿಕ ಸರ್ಕಾರದ ಸಂಸ್ಥೆಗಳು ಡಿಜಿಟಲ್ ಲೈಬ್ರರಿಗಳ ಮೇಲೆ ಕೆಲಸ ಮಾಡಲು 6 ವಿಶ್ವವಿದ್ಯಾಲಯಗಳಿಗೆ ಹಣ ಕೊಟ್ಟವು, ಅದರಲ್ಲಿ ಸ್ಟ್ಯಾನ್‌ಫರ್ಡ್ ಒಂದು. ಆ ಯೋಜನೆಯಲ್ಲೇ, ಮುಂದೆ ಗೂಗಲ್ ಶುರು ಮಾಡಿದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್, ಯಾವ ವೆಬ್ ಪುಟ ಎಷ್ಟು ಮುಖ್ಯ ಅಂತ ಅಳೆಯುವ ಪೇಜ್‌ರ‍್ಯಾಂಕ್ ಕಟ್ಟಿದ್ದು. ಒಂದು ಲೇಖನವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಅಂತ ಲೈಬ್ರರಿ ಲೋಕ ಮೊದಲಿಂದ ಇಟ್ಟುಕೊಂಡು ಬಂದ ಲೆಕ್ಕವೇ ಅದರ ಹಿಂದಿನ ಯೋಚನೆ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಎಡ್ವರ್ಡ್ ಫಾಕ್ಸ್ ಈ ವಿಷಯವನ್ನು ಸಿಎಸ್ ವಿಭಾಗದಲ್ಲೇ ಬೆಳೆಸಿದರು, ನಾರ್ತ್ ಕೆರೊಲಿನಾದ ಲೈಬ್ರರಿ ಸೈನ್ಸ್‌ನವರ ಜೊತೆ ಸೇರಿ ಪಠ್ಯಕ್ರಮವನ್ನೂ ಮಾಡಿದರು.

ನಮ್ಮ ಹತ್ತಿರದ ಉದಾಹರಣೆ ಬೇಕೆಂದರೆ, ನಮ್ಮ ದೇಶದಲ್ಲಿ ಲೈಬ್ರರಿ ಸೈನ್ಸ್ ಬೆಳೆಸಿದ ಎಸ್.ಆರ್. ರಂಗನಾಥನ್ ಇದ್ದಾರೆ. ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಅನ್ನುವ, ಈ ವಿಷಯದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರು ಮಾಡಿದರು. ಒಂದು ಪುಸ್ತಕವನ್ನು ಒಂದೇ ಖಾನೆಗೆ ಹಾಕಬೇಡಿ, ಅದರ ಬೇರೆ ಬೇರೆ ಮುಖಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಅಂದವರು ಅವರು. ಆನ್‌ಲೈನಿನಲ್ಲಿ ಸೀರೆ ಕೊಳ್ಳುವಾಗ ಎಡಗಡೆ ಬಣ್ಣ, ಬೆಲೆ, ಬಟ್ಟೆ ಅಂತ ಟಿಕ್ ಮಾಡುತ್ತೀರಲ್ಲ, ಅಲ್ಲಿರುವುದು ಇದೇ ಯೋಚನೆ. ಈ ಊರಲ್ಲಿ ಸಾಫ್ಟ್‌ವೇರ್ ಓದುವ ಮಕ್ಕಳಿಗೆ ಅವರ ಹೆಸರೇ ಗೊತ್ತಿರುವುದಿಲ್ಲ ಅನ್ನುವುದು ನನಗೆ ನಿಜವಾಗಿ ನೋವು ಕೊಡುತ್ತದೆ.

ಕೋರ್ಸಿನಲ್ಲಿ ನನಗೆ ತುಂಬಾ ಇಷ್ಟದ ಭಾಗ ಮೆಟಾಡೇಟಾ, ಅಂದರೆ ಪುಸ್ತಕದ ಹೆಸರು, ಕರ್ತೃ, ಇಸವಿ ಇಂಥ ವಿವರ ಬರೆದಿಡುವುದು. ಮಕ್ಕಳಿಗೆ ಮೊದಲು ಬೋರ್ ಅನ್ನಿಸುತ್ತದೆ. ಡಬ್ಲಿನ್ ಕೋರ್ ಅಂತ ಒಂದು ಮಾದರಿ ಇದೆ, 15 ಖಾನೆ, ಅಷ್ಟೇ. ಮನೆಯಿಂದ ಒಂದು ಹಳೇ ಮುದ್ರಿತ ವಸ್ತು ತನ್ನಿ, ತುಂಬಿ ಅನ್ನುತ್ತೇನೆ. ಕಳೆದ ವರ್ಷ ಉತ್ತರ ಕನ್ನಡದ ಹುಡುಗನೊಬ್ಬ ಯಕ್ಷಗಾನ ಪ್ರಸಂಗದ ಒಂದು ಪುಸ್ತಿಕೆ ತಂದ. ರಟ್ಟು ಹೋಗಿದೆ, ಇಸವಿ ಇಲ್ಲ. ಕರ್ತೃ ಅನ್ನುವ ಖಾನೆಗೆ ಯಾರನ್ನು ಹಾಕುವುದು? ಪ್ರಸಂಗ ಬರೆದ ಕವಿಯನ್ನೋ, ತಿದ್ದಿ ಅಚ್ಚಿಗೆ ಕೊಟ್ಟವರನ್ನೋ? ಅಂಚಿನಲ್ಲಿ ಪೆನ್ಸಿಲಿನಲ್ಲಿ ತಾಳ ಗುರುತು ಹಾಕಿಕೊಂಡ ಅವನ ಅಜ್ಜನನ್ನು ಎಲ್ಲಿ ಬರೆಯುವುದು? ಪೂರ್ತಿ ಒಂದು ಗಂಟೆ ಅದೇ ಚರ್ಚೆ.

ಹೆಸರಿನದೂ ಅಷ್ಟೇ. ಸಾಫ್ಟ್‌ವೇರ್ ಮೊದಲ ಹೆಸರು, ಕುಟುಂಬದ ಹೆಸರು ಕೇಳುತ್ತದೆ. ಕೆ.ವಿ. ಪುಟ್ಟಪ್ಪ ಅನ್ನುವಲ್ಲಿ ಕುಪ್ಪಳಿ ಊರು, ವೆಂಕಟಪ್ಪ ತಂದೆ. ಕುಟುಂಬದ ಹೆಸರು ಎಲ್ಲಿದೆ? ಮೇಲಾಗಿ ಕುವೆಂಪು ಅಂತ ಹುಡುಕಿದವರಿಗೂ ಅದೇ ಪುಸ್ತಕಗಳು ಸಿಗಬೇಕು. ಈ ಟೇಬಲ್ ಡಿಸೈನ್ ಮಾಡಿ ಅಂದರೆ ಡೇಟಾಬೇಸ್‌ನಲ್ಲಿ ಒಳ್ಳೇ ಮಾರ್ಕ್ಸ್ ತೆಗೆದವರೂ ತಡವರಿಸುತ್ತಾರೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಹೊರತಂದ ಡಿಸ್ಪೇಸ್ ಅನ್ನುವ ಡಿಜಿಟಲ್ ಲೈಬ್ರರಿ ಸಾಫ್ಟ್‌ವೇರನ್ನು ಮಕ್ಕಳೇ ಇನ್‌ಸ್ಟಾಲ್ ಮಾಡುತ್ತಾರೆ. ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳಿರುವ ಶೋಧಗಂಗಾ ಕಟ್ಟಿದ್ದೂ ಅದರ ಮೇಲೆಯೇ. ಫೈಲ್ ಹತ್ತು ವರ್ಷ ಆದಮೇಲೂ ಕೆಟ್ಟಿಲ್ಲ ಅಂತ ಚೆಕ್‌ಸಮ್, ಅಂದರೆ ಫೈಲಿನಿಂದಲೇ ಲೆಕ್ಕ ಹಾಕಿದ ಒಂದು ಸಂಖ್ಯೆ, ಇಟ್ಟು ನೋಡುವುದನ್ನು ಕಲಿಯುತ್ತಾರೆ. ಕೆಲಸದ ಬಗ್ಗೆ ಕೇಳುವ ತಂದೆ ತಾಯಿಗೆ: ಸರ್ಚ್, ಡೇಟಾ ಎಂಜಿನಿಯರಿಂಗ್, ಭಾಷಾ ತಂತ್ರಜ್ಞಾನ, ಮೂರಕ್ಕೂ ಇದು ನೇರ ತಯಾರಿ.

ಲೈಬ್ರರಿ ಸೈನ್ಸ್‌ನವರ ಕೆಲಸವನ್ನು ನಾವು ಕಿತ್ತುಕೊಳ್ಳುತ್ತಿಲ್ಲ. ಮೊದಲ ವಾರದ ಕ್ಲಾಸು ನಡೆಯುವುದೇ ನಮ್ಮ ಕಾಲೇಜಿನ ಲೈಬ್ರರಿಯಲ್ಲಿ, ಪಾಠ ಮಾಡುವವರು ನಮ್ಮ ಲೈಬ್ರರಿಯನ್. ಓದುಗರು ಬಂದು ನಿಜವಾಗಿ ಏನಂತ ಕೇಳುತ್ತಾರೆ ಅನ್ನುವುದು ಅವರಿಗೆ ಗೊತ್ತು. "ಆ ನೀಲಿ ರಟ್ಟಿನ ಪುಸ್ತಕ, ಹೋದ ವರ್ಷ ಇಲ್ಲೇ ಇತ್ತು" ಅಂತ ಕೇಳುತ್ತಾರಂತೆ. ಅದಕ್ಕೂ ಉತ್ತರ ಕೊಡುವ ಸರ್ಚ್ ಬರೆಯಿರಿ ಅಂತ ಮಕ್ಕಳಿಗೆ ಅವತ್ತೇ ಹೇಳಿಬಿಡುತ್ತೇನೆ.

ಬೇರೆ ಕಾಲೇಜಿನ ಮೇಷ್ಟ್ರುಗಳಿಗೆ ಒಂದು ಮಾತು. ಹೊಸ ಎಲೆಕ್ಟಿವ್‌ಗೆ ಒಪ್ಪಿಗೆ ಸಿಗುವುದು ಕಷ್ಟ, ಗೊತ್ತು. ಈಗಿರುವ ಡೇಟಾಬೇಸ್ ಲ್ಯಾಬಿನಲ್ಲೇ ಮೂರು ವಾರ ತೆಗೆದಿಡಿ. ಒಂದು ವಾರ ಹಳೇ ಫಾಂಟಿನ ಫೈಲ್, ಒಂದು ವಾರ ಕೋಲಾರ, ಒಂದು ವಾರ ಮನೆಯಿಂದ ತಂದ ಪುಸ್ತಕ. ಸಂಘ ಸಂಸ್ಥೆಗಳಲ್ಲಿ ಕೇಳಿದರೆ ಇಂಥ ಫೈಲುಗಳ ಸಿಡಿಗಳು ಜಾಸ್ತಿಯೇ ಸಿಗುತ್ತವೆ. ಮೊದಲು ಅವುಗಳ ಕಾಪಿ ಮಾಡಿಕೊಳ್ಳಿ. ನಮಗೆ ಬಂದ ಎರಡು ಸಿಡಿ ಓದಲೇ ಆಗಲಿಲ್ಲ.