ಸ್ಪ್ರಿಂಗ್ ಎತ್ತಿದ ಗಾಡಿ, ಇಳಿಯದ ತೂಕ

ನಮ್ಮ ಗ್ಯಾರೇಜಿನಲ್ಲಿ ಕಂಪ್ರೆಸರ್ ಹಿಂದಿನ ಗೋಡೆಗೆ ಕಪ್ಪು ಬಣ್ಣದ ಸ್ಟೀಲ್ ಬಂಪರ್ ಒಂದು ಒರಗಿಕೊಂಡಿದೆ. ಗಾಳಿ ಹಿಡಿಸಲು ಅತ್ತ ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ, ಕೊರಟಗೆರೆ ರಸ್ತೆಯಾಚೆಯ ಹಳ್ಳವೂ ನೆನಪಾಗುತ್ತದೆ. ತುಮಕೂರಿನ ಈ ಗ್ಯಾರೇಜಿನಲ್ಲಿ ಫೋರ್ ವೀಲ್ ಡ್ರೈವ್ ಗಾಡಿಗಳನ್ನು ದೂರಪ್ರಯಾಣಕ್ಕೆ ಸಜ್ಜುಗೊಳಿಸುತ್ತೇವೆ. ಎಸ್ಟಿಮೇಟ್ ಬರೆಯುವುದು, ಜಾಬ್ ಕಾರ್ಡ್ ತೆರೆಯುವುದು, ಡೆಲಿವರಿಗೆ ಮುಂಚೆ ಟ್ರಯಲ್ ನೋಡುವುದು ಸೂಪರ್‌ವೈಸರ್ ಆದ ನನ್ನ ಕೆಲಸ.

ಗಾಡಿ ತಂದವರು ಗುಬ್ಬಿ ಕಡೆಯ ತೆಂಗಿನ ತೋಟದವರು. ಗಾಡಿ ಐದು ಬಾಗಿಲಿನ ಮಾರುತಿ ಜಿಮ್ನಿ. ತೋಟದ ಕಿರಿದಾದ ದಾರಿಯಲ್ಲಿ ಸಲೀಸಾಗಿ ತಿರುಗಬೇಕು, ವರ್ಷಕ್ಕೊಮ್ಮೆ ದೊಡ್ಡ ಪ್ರಯಾಣವನ್ನೂ ಮಾಡಬೇಕು ಎಂಬ ಲೆಕ್ಕದಲ್ಲಿ ಅದನ್ನು ಆರಿಸಿಕೊಂಡಿದ್ದರು. ಆ ಆಯ್ಕೆಯಲ್ಲಿ ತಪ್ಪು ಹುಡುಕಲಾಗದು. ಏಣಿಯಾಕಾರದ ಗಟ್ಟಿ ಲ್ಯಾಡರ್ ಫ್ರೇಮ್, ಹಿಂದೆ ಮುಂದೆ ಎರಡೂ ಚಕ್ರಗಳನ್ನು ಒಂದೇ ದಂಡಕ್ಕೆ ಜೋಡಿಸುವ ರಿಜಿಡ್ ಆಕ್ಸಲ್, ಕಷ್ಟದ ದಾರಿಯಲ್ಲಿ ನಿಧಾನವಾಗಿ ಹೆಚ್ಚು ಬಲ ಕೊಡುವ ಲೋ ರೇಂಜ್ ಗೇರ್, ನೆಲದಿಂದ 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇರುವ ಗಾಡಿ ಅದು. ಗೆಳೆಯರೊಬ್ಬರ ಜೊತೆ ಮನಾಲಿಯಿಂದ ಲೇಹ್‌ಗೆ ಹೋಗುವ ಅವರು, ಬೇಕಾದ ಸಾಮಾನುಗಳ ಪಟ್ಟಿಯನ್ನು ಹಾಳೆಯ ಎರಡೂ ಬದಿಗೆ ಬರೆದು ತಂದಿದ್ದರು. ಸ್ಟೀಲ್ ಬಂಪರ್, ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯಲು 9500 ಪೌಂಡ್ ಎಳೆತದ ವಿಂಚ್, ರೂಫ್ ರ‍್ಯಾಕ್, ಅದರ ಮೇಲೆ ಟೆಂಟ್, ಫ್ರಿಜ್, ಎರಡನೆಯ ಬ್ಯಾಟರಿ, 40 ಲೀಟರ್ ನೀರು, ಎರಡು ಜೆರ‍್ರಿ ಕ್ಯಾನ್ ಪೆಟ್ರೋಲ್. ನಾನು ಒಂದನ್ನೂ ಪ್ರಶ್ನಿಸದೆ ಎಸ್ಟಿಮೇಟಿಗೆ ಇಳಿಸಿದೆ. ನಮ್ಮ ಫಾರಂನಲ್ಲಿ ಐಟಂ, ರೇಟ್, ಜಿಎಸ್‌ಟಿ, ಒಟ್ಟು ಎಂಬ ಕಾಲಂಗಳಿವೆ. ತೂಕಕ್ಕೆ ಕಾಲಂ ಇಲ್ಲ. ಒಟ್ಟು ಎಂಬ ಕಾಲಂ ಉದ್ದವಾದಷ್ಟೂ ನಮ್ಮ ಓನರ್ ಅವರ ಮುಖ ಅರಳುತ್ತದೆ.

ಎಲ್ಲವನ್ನೂ ಬಿಗಿದು, ಸಾಮಾನು ತುಂಬಿಸಿದಾಗ ಗಾಡಿಯ ಹಿಂಭಾಗ ಕುಸಿದು ಕೂತಿತು. ಅದು ಗಾಡಿಯೇ ಹೇಳಿದ ಮಾತಾಗಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. 40 ಮಿ.ಮೀ. ಲಿಫ್ಟ್ ಕೊಡುವ ಹೆವಿ ಡ್ಯೂಟಿ ಸ್ಪ್ರಿಂಗ್ ತರಿಸಿ ಹಾಕಿಸಿದೆ. ಗಾಡಿ ಎದ್ದು ನಿಂತಿತು, ನನಗೂ ಹೆಮ್ಮೆಯಾಯಿತು. ನಾವೆಲ್ಲ ಭಾಯ್ ಎಂದು ಕರೆಯುವ ಹಿರಿಯ ಮೆಕ್ಯಾನಿಕ್ ಮಾತ್ರ ಸ್ಪ್ಯಾನರ್ ಒರೆಸುತ್ತಾ, “ಗಾಡಿ ಏನೋ ಎದ್ದಿತು ಸಾರ್, ತೂಕ ಎಲ್ಲಿಗೆ ಹೋಯಿತು?” ಎಂದರು. ಸ್ಪ್ರಿಂಗ್ ಬದಲಾದರೆ ಗಾಡಿಯ ನಿಲುವು ಬದಲಾಗುತ್ತದೆಯೇ ಹೊರತು ಬ್ರೇಕ್, ಆಕ್ಸಲ್, ಫ್ರೇಮ್ ಎಲ್ಲವೂ ಕಂಪನಿ ಕೊಟ್ಟಷ್ಟೇ ಭಾರಕ್ಕೆ ಉಳಿಯುತ್ತವೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಮರುದಿನವೇ ಡೆಲಿವರಿ ಎಂದು ಓನರ್ ಮಾತು ಕೊಟ್ಟುಬಿಟ್ಟಿದ್ದರು. ಊರಿನ ಬಟವಾಡಿ ಬಡಾವಣೆಯ ಕಡೆ ಹೋಗಿ, ಗಾಡಿ ತೂಗುವ ವೇಬ್ರಿಡ್ಜಿನ ಸಾಲಿನಲ್ಲಿ ಲಾರಿಗಳ ಹಿಂದೆ ನಿಲ್ಲಲು ನನಗೆ ಬೇಸರವಾಯಿತು.

ಟ್ರಯಲ್‌ಗೆ ನಾವು ಹೋಗುವುದು ಪರಿಚಯದ ರೈತರೊಬ್ಬರ ಹೊಲದಂಚಿನ ಒಣ ಹಳ್ಳಕ್ಕೆ. ಹಳ್ಳದ ದಡಕ್ಕೆ ಸಮಾನಾಂತರವಾಗಿ ಎಡಕ್ಕೆ ವಾಲಿದ ಕಾಲುದಾರಿಯೊಂದಿದೆ. ಖಾಲಿ ಗಾಡಿಗಳನ್ನು ಅಲ್ಲಿ ನೂರಾರು ಸಲ ಓಡಿಸಿದ್ದೇನೆ. ಅಂದು ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು, ಗಿರಾಕಿ ನನ್ನ ಎಡಕ್ಕೆ ಕೂತಿದ್ದರು, ಭಾಯ್ ಮತ್ತು ಇಬ್ಬರು ಹುಡುಗರು ಹೊರಗೆ ನಡೆದು ಬರುತ್ತಿದ್ದರು. ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಲೋ ರೇಂಜ್; ಮೊದಲ ಗೇರ್. ದಾರಿಯ ನಡುವೆ ಎಡಗಡೆಯ ಮಣ್ಣು ಒಂದು ಗೇಣಿನಷ್ಟು ಜರುಗಿತು. ಮೇಲೆ ಟೆಂಟ್ ಕಿರ್ ಎಂದಿತು, ಹಿಂದೆ ನೀರಿನ ಕ್ಯಾನ್‌ಗಳು ಒಮ್ಮೆಲೇ ಎಡಕ್ಕೆ ತುಳುಕಿದವು, ಬಲಗಡೆಯ ಹಿಂದಿನ ಚಕ್ರ ನೆಲ ಬಿಟ್ಟಿತು.

ಆ ಕ್ಷಣದಲ್ಲಿ ನಾನು ಮಾಡಿದ್ದು ಹೊಸಬರು ಮಾಡುವ ಕೆಲಸ: ಬೀಳುವ ದಿಕ್ಕಿನಿಂದ ತಪ್ಪಿಸಿಕೊಳ್ಳಲು ಸ್ಟಿಯರಿಂಗನ್ನು ಮೇಲಕ್ಕೆ, ಬಲಕ್ಕೆ ತಿರುಗಿಸಿದೆ. ಗಾಡಿ ಇನ್ನಷ್ಟು ವಾಲಿತು. “ನಿಲ್ಲಿಸಿ! ತಿರುಗಿಸಬೇಡಿ!” ಎಂದು ಭಾಯ್ ಕೂಗಿದ್ದು ಕೇಳಿ ಬ್ರೇಕ್ ಒತ್ತಿ ಹಿಡಿದೆ. ಗಿರಾಕಿ ಬಾಗಿಲಿನ ಹಿಡಿಕೆಗೆ ಕೈ ಹಾಕಿದರು. ಅವರು ಇಳಿಯುವ ಕಡೆಯೇ ಗಾಡಿ ಮಗುಚುವ ಕಡೆಯಾಗಿದ್ದರಿಂದ, “ಅಣ್ಣಾ, ದಯವಿಟ್ಟು ಬಾಗಿಲು ತೆಗೆಯಬೇಡಿ, ಮೆಲ್ಲಗೆ ನನ್ನ ಕಡೆ ಸರಿಯಿರಿ” ಎಂದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. ಹುಡುಗರಿಬ್ಬರೂ ಬಲಗಡೆಯ ಬಾಗಿಲಿನ ಕೆಳಗಿನ ಸ್ಲೈಡರ್ ಪಟ್ಟಿಯ ಮೇಲೆ ಹತ್ತಿ ರ‍್ಯಾಕನ್ನು ಹಿಡಿದು ಹಿಂದಕ್ಕೆ ಜೋತುಬಿದ್ದರು. ಅಂಥ ಕೆಲಸ ಮಾಡಿಸಬಾರದು ಎಂಬುದು ಗೊತ್ತು, ಅಂದು ತಡೆಯುವ ಧೈರ್ಯ ನನಗಿರಲಿಲ್ಲ. ಮುಂದೆ ಬಿಗಿದಿದ್ದ ವಿಂಚ್ ಪಕ್ಕಕ್ಕೆ ಎಳೆಯಲಾರದು; ಅದು ಮೂತಿಯ ಮೇಲೆ ಸುಮ್ಮನೆ ಭಾರವಾಗಿ ಕೂತಿತ್ತು. ಚಕ್ರ ನೆಲಕ್ಕೆ ತಾಗಿದ ಮೇಲೆ ಹುಡುಗರನ್ನು ದೂರ ಕಳುಹಿಸಿದ ಭಾಯ್, “ಈಗ ಕೆಳಕ್ಕೆ ತಿರುಗಿಸಿ, ಬ್ರೇಕ್ ಬಿಡಿ, ಹಳ್ಳಕ್ಕೆ ಇಳಿಯಲಿ” ಎಂದರು. ಇಳಿಜಾರಿಗೆ ಮುಖ ಕೊಟ್ಟ ಗಾಡಿ ಎಂಜಿನ್ನಿನ ಹಿಡಿತದಲ್ಲೇ ತೆವಳುತ್ತಾ ಮರಳಿಗೆ ಇಳಿದು ನಿಂತಿತು. ಎಲ್ಲವೂ ನಾಲ್ಕು ನಿಮಿಷದಲ್ಲಿ ಮುಗಿದಿತ್ತು ಎಂದು ಹುಡುಗರು ಹೇಳುತ್ತಾರೆ. ನಾನು ಕೆಳಗಿಳಿದಾಗ ಕಾಲು ನಿಲ್ಲಲಿಲ್ಲ.

ಅಲ್ಲಿಂದ ನೇರವಾಗಿ ವೇಬ್ರಿಡ್ಜಿಗೆ ಹೋದೆವು. ನಾನೂ ಗಿರಾಕಿಯೂ ಒಳಗೇ ಕೂತಿದ್ದೆವು. ಚೀಟಿಯಲ್ಲಿ 1710 ಕಿಲೋ ಎಂದು ಬಂದಿತು. ಆ ಗಾಡಿಯ ಖಾಲಿ ತೂಕ ಸುಮಾರು 1200, ಜನ ಸಾಮಾನು ಎಲ್ಲ ಸೇರಿ ಕಂಪನಿ ಒಪ್ಪುವ ಒಟ್ಟು ತೂಕ 1545. ಇಬ್ಬರು ಪ್ರಯಾಣಿಕರ ತೂಕ ಕಳೆದರೆ ಸಾಮಾನಿಗೆ ಉಳಿಯುವುದು 200 ಕಿಲೋಗೂ ಕಡಿಮೆ ಎಂಬ ಶಾಲೆಯ ಲೆಕ್ಕವನ್ನು ನಾನು ಮೊದಲ ದಿನವೇ ಹಾಳೆಯ ಅಂಚಿನಲ್ಲಿ ಮಾಡಬಹುದಿತ್ತು. ಮಾಡಿದ್ದರೆ, ಇಷ್ಟೆಲ್ಲ ಬೇಕೇ ಬೇಕು ಎನ್ನುವವರಿಗೆ ಹೈಲಕ್ಸ್‌ನಂತಹ ಪಿಕಪ್ ತೋರಿಸುತ್ತಿದ್ದೆ, ಅಥವಾ ಪಟ್ಟಿಯನ್ನೇ ಅರ್ಧಕ್ಕೆ ಹರಿಯುತ್ತಿದ್ದೆ.

ಮುಂದಿನ ಎರಡು ದಿನ ಬಿಗಿದದ್ದನ್ನು ಬಿಚ್ಚುವ ಕೆಲಸ. ಬಂಪರ್ ಮತ್ತು ವಿಂಚ್ ಇಳಿದು ಹಳೆಯ ಬಂಪರ್ ಮರಳಿತು, 65 ಕಿಲೋ ಕಡಿಮೆಯಾಯಿತು. ಇಂತಹ ಕ್ರ್ಯಾಶ್ ಗಾರ್ಡ್‌ಗಳನ್ನು ತಡೆಯುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಅದನ್ನು ತಿಳಿದೂ ಎಸ್ಟಿಮೇಟಿನಲ್ಲಿ ಬರೆದವನು ನಾನೇ. ಮೇಲಿನ ಟೆಂಟಿನ ಬದಲು ನೆಲಕ್ಕೆ ಹಾಕುವ ಟೆಂಟ್ ಬಂದಿತು, 50 ಕಿಲೋ ಇಳಿಯಿತು; ತೂಕಕ್ಕಿಂತ ಮುಖ್ಯವಾಗಿ ಅದು ತಲೆಯ ಮೇಲಿನಿಂದ ಇಳಿಯಿತು. ಲೆಡ್ ಬ್ಯಾಟರಿಯ ಜಾಗಕ್ಕೆ ಲಿಥಿಯಂ ಬಂದಿತು, ನೀರು ಅರ್ಧವಾಯಿತು. ಜೆರ‍್ರಿ ಕ್ಯಾನ್ ವಿಷಯದಲ್ಲಿ ಮಾತ್ರ ಗಿರಾಕಿ ಜಗ್ಗಲಿಲ್ಲ. ಮುಂದಿನ ಬಂಕ್ 365 ಕಿ.ಮೀ. ದೂರ ಎಂದು ಸಾರುವ, ಮನಾಲಿ-ಲೇಹ್ ದಾರಿಯ ತಾಂಡಿ ಎಂಬ ಊರಿನ ಬೋರ್ಡಿನ ಫೋಟೊ ಅವರ ಮೊಬೈಲಿನಲ್ಲಿತ್ತು. 40 ಲೀಟರಿನ ಟ್ಯಾಂಕ್, ಲೀಟರಿಗೆ ಹತ್ತೇ ಕಿ.ಮೀ. ಎಂದು ಹಿಡಿದರೂ 400 ಆಗುತ್ತದೆ, ಧೈರ್ಯಕ್ಕೆ ಒಂದು ಕ್ಯಾನ್ ಸಾಕು ಎಂದು ಬರೆದು ತೋರಿಸಿದ ಮೇಲೆ ಒಪ್ಪಿದರು.

ಎರಡನೆಯ ಚೀಟಿಯಲ್ಲಿ 1540 ಬಂದಿತು. ಉಳಿದ ಐದು ಕಿಲೋದಲ್ಲಿ ಅಮ್ಮ ಕೊಡುವ ಮೂರು ಕಿಲೋ ರಾಗಿ ಹುರಿಹಿಟ್ಟು ಸೇರಿಸಬಹುದೇ ಎಂದು ಅವರು ಕೇಳಿದಾಗ ಭಾಯ್ ಮೊದಲ ಬಾರಿಗೆ ನಕ್ಕರು.

ಬಳಸಿದ ಬಂಪರನ್ನು ಸಪ್ಲೈಯರ್ ವಾಪಸ್ ತೆಗೆದುಕೊಳ್ಳಲಿಲ್ಲ. ಅದರ ಹಣ ಯಾರ ಲೆಕ್ಕಕ್ಕೆ ಎಂಬುದನ್ನು ಓನರ್ ಇನ್ನೂ ಹೇಳಿಲ್ಲ, ನಾನೂ ಕೇಳಿಲ್ಲ. ಜಾಬ್ ಕಾರ್ಡಿನಲ್ಲಿ ತೂಕಕ್ಕೊಂದು ಕಾಲಂ ಸೇರಿಸಿ ಹೊಸದಾಗಿ ಪ್ರಿಂಟ್ ಹಾಕಿಸೋಣ ಎಂದು ಕೇಳಿದ್ದಕ್ಕೆ, ಹಳೆಯ ಪುಸ್ತಕಗಳು ಇನ್ನೂ ಇಪ್ಪತ್ತು ಉಳಿದಿವೆ, ಅವು ಮುಗಿಯಲಿ ಎಂದರು. ಅಲ್ಲಿಯವರೆಗೆ ಪ್ರತಿ ಕಾರ್ಡಿನ ಬಲ ಅಂಚಿನಲ್ಲಿ ಸ್ಕೇಲ್ ಇಟ್ಟು ನಾನೇ ಗೆರೆ ಎಳೆಯುತ್ತಿದ್ದೇನೆ.